ಹಸಿರು ಶಾಯಿಯ ಮೂವತ್ತೊಂದು ಹಾಳೆಗಳು

ನಾನು ಬಿ.ಎ. ಮೊದಲ ವರ್ಷವನ್ನು ಎರಡು ಸಲ ಓದಿದವಳು. ಫೇಲಾಗಿ ಅಲ್ಲ, ಪಾಸಾಗಿ. ಒಂದು ಸಲ ಮುಂಬಯಿಯಲ್ಲಿ, ಇನ್ನೊಂದು ಸಲ ಕುಂದಾಪುರದಲ್ಲಿ. ಎರಡೂ ಸಲ ಅದೇ ಫ್ರಾನ್ಸಿನ ಕ್ರಾಂತಿ, ಅದೇ ಬೇಡಿಕೆ ಪೂರೈಕೆಯ ಗೆರೆಗಳು, ಅದೇ ಪ್ರಭುತ್ವದ ಲಕ್ಷಣಗಳು. ಈ ಕತೆಯನ್ನು ಮದುವೆಮನೆಯ ಪಂಕ್ತಿಯಲ್ಲಿ, ಸ್ಟಾಫ್‌ರೂಮಿನಲ್ಲಿ, ಬಸ್ಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿ ಹೇಳಿ ಅದಕ್ಕೊಂದು ಹೊಳಪು ಬಂದಿತ್ತು. ಹಾಗೆ ಹೊಳಪು ಬಂದ ನೆನಪನ್ನು ನಂಬಬಾರದು ಎಂದು ನನಗೆ ತಿಳಿದದ್ದು ತಡವಾಗಿ. ಅದಕ್ಕೇ ಈಗ ಹಳೆಯ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಡೈರಿಯನ್ನೂ ಪೂರ್ತಿ ನಂಬುತ್ತೇನೆಂದಲ್ಲ. ಅದನ್ನು ಬರೆದವಳು ಹತ್ತೊಂಬತ್ತರ ಸೊಕ್ಕಿನ ಹುಡುಗಿ.

1997ರ ಬೇಸಿಗೆಯಲ್ಲಿ ಅಪ್ಪಯ್ಯ ಅಂಧೇರಿಯ ಹೋಟೆಲಿನ ಪಾಲನ್ನು ತಮ್ಮ ದಾಯಾದಿಗೆ ಬಿಟ್ಟುಕೊಟ್ಟು ನಮ್ಮನ್ನೆಲ್ಲ ಬಿಜೂರಿಗೆ ಕರೆತಂದರು. ಊರಿನಲ್ಲಿ ಗದ್ದೆಯಿತ್ತು, ಮನೆಯಿತ್ತು, ನನಗೆ ಮಾತ್ರ ಮುಂದಿನ ಓದು ಎಲ್ಲಿ ಎಂಬುದು ಗೊತ್ತಿರಲಿಲ್ಲ. ಅಷ್ಟರಲ್ಲಿ ನಾನು ಮುಂಬಯಿಯ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ ಮುಗಿಸಿದ್ದೆ. ರಾಜ್ಯಶಾಸ್ತ್ರದಲ್ಲಿ ಅರವತ್ತೊಂದು ಅಂಕ. ಪಿಯುಸಿಯಲ್ಲಿ ಕಾಮಾಲೆಯಾಗಿ ಒಂದು ವರ್ಷ ಹಾಸಿಗೆಯಲ್ಲೇ ಕಳೆದಿದ್ದೆನಾದ್ದರಿಂದ ಓರಗೆಯವರಿಗಿಂತ ಆಗಲೇ ಒಂದು ಹೆಜ್ಜೆ ಹಿಂದಿದ್ದೆ. ಊರಿಗೆ ಬಂದ ವಾರದಲ್ಲೇ ಅಪ್ಪಯ್ಯ ಜಗಲಿಯಲ್ಲಿ ಕೂತು ಹೇಳಿದರು:

"ಎರಡ್ ವರ್ಷ ಅಂದ್ರೆ ಓದ್. ಮೂರ್ ವರ್ಷ ಅಂದ್ರೆ ನಂಗ್ ಆತಿಲ್ಲ."

ಈ ಮಾತು ಡೈರಿಯಲ್ಲೂ ಇದೆ. ಹಾಗಾಗಿ ಇದನ್ನು ನಾನು ಕಟ್ಟಿದ್ದಲ್ಲ. ಎರಡು ವರ್ಷ ಎಂದರೆ ನೇರವಾಗಿ ಎರಡನೆಯ ವರ್ಷಕ್ಕೆ ಸೇರಬೇಕು. ಮುಂಬಯಿಯ ಒಂದು ವರ್ಷ ಇಲ್ಲಿ ಲೆಕ್ಕಕ್ಕೆ ಬರಬೇಕು. ಬಾರದಿದ್ದರೆ ನನ್ನ ಓದು ಅಲ್ಲಿಗೆ ನಿಂತಿತು.

ಕುಂದಾಪುರದ ಕಾಲೇಜಿನ ಆಫೀಸಿನಲ್ಲಿ ಒಬ್ಬ ಗುಮಾಸ್ತರಿದ್ದರು. ಕಿಟಕಿಯ ಸರಳಿನ ಆಚೆ ಕೂತವರಿಗೆ ಈಚೆ ನಿಂತವರೆಲ್ಲ ಕೈದಿಗಳಂತೆ ಕಾಣುತ್ತಾರೋ ಏನೋ. ನನ್ನ ಕಾಗದಗಳನ್ನು ಅವರು ಎರಡು ಬೆರಳಲ್ಲಿ, ಸತ್ತ ಜಿರಲೆಯನ್ನು ಎತ್ತುವಂತೆ ಎತ್ತಿದರು.

"ಟಿ.ಸಿ. ಇತ್ತಾ?" ನಮ್ಮ ಕಡೆಯ ಮಾತಿನಲ್ಲಿ 'ಇತ್ತ್' ಎಂದರೆ ಇದೆ ಎಂದೇ.

"ಇತ್ತ್."

"ಮೈಗ್ರೇಷನ್?"

"ಇತ್ತ್."

"ಸಿಲೆಬಸ್?"

"ಸಿಲೆಬಸ್ ಎಂತಕೆ?"

"ಎಂತಕೆ ಅಂದ್ರೆ? ನೀನ್ ಅಲ್ ಓದದ್ದೂ ನಾವ್ ಇಲ್ ಓದ್ಸುದೂ ಒಂದೇಯಾ ಅಂದೇಳಿ ಕಾಣ್ಕಲ್ದಾ?"

"ಪೊಲಿಟಿಕ್ಸ್ ಎಲ್ ಓದ್ರೂ ಪೊಲಿಟಿಕ್ಸೇ ಅಲ್ದಾ?"

"ಹ್ವಾಯ್ ಬೊಂಬಾಯಿ, ಅದ್ ನೀನ್ ಹೇಳ್ರೆ ಆತಿಲ್ಲ. ಯೂನಿವರ್ಸಿಟಿಯರ್ ಹೇಳ್ಕ್."

ಯೂನಿವರ್ಸಿಟಿಯವರು ಹೇಳುವ ಆ ಮಾತಿಗೆ ಒಂದು ಪದವಿತ್ತು: ತತ್ಸಮಾನ. ನನ್ನ ಇತಿಹಾಸ ಅವರ ಇತಿಹಾಸಕ್ಕೆ ತತ್ಸಮಾನವೇ, ನನ್ನ ಅರ್ಥಶಾಸ್ತ್ರ ಅವರ ಅರ್ಥಶಾಸ್ತ್ರಕ್ಕೆ ತತ್ಸಮಾನವೇ ಎಂದು ಒಂದು ಸಮಿತಿ ಕೂತು ನಿರ್ಧರಿಸಬೇಕು. ಅದಕ್ಕೆ ಮುಂಬಯಿಯ ಪಠ್ಯಕ್ರಮದ ಪ್ರತಿ ಬೇಕು. ಪ್ರತಿಯ ಒಂದೊಂದು ಹಾಳೆಯನ್ನೂ ಗೆಜೆಟೆಡ್ ಅಧಿಕಾರಿಯೊಬ್ಬರು ಮೂಲದೊಡನೆ ತಾಳೆ ನೋಡಿ, ಸಹಿ ಮಾಡಿ, ಗುಂಡು ಮೊಹರು ಒತ್ತಿರಬೇಕು. ತೀರ್ಮಾನ ಬರುವ ತನಕ ಎರಡನೆಯ ವರ್ಷದ ತರಗತಿಯಲ್ಲಿ ಕೂರಬಹುದು, ಹಾಜರಿ ಪುಸ್ತಕದಲ್ಲಿ ಹೆಸರು ಇರುವುದಿಲ್ಲ. ನಾನು ಎರಡು ತಿಂಗಳು ಹಾಗೆ, ಹೆಸರಿಲ್ಲದವಳಾಗಿ, ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ಪಠ್ಯಕ್ರಮ ಮುಂಬಯಿಯಿಂದ ಬಸ್ಸಿನಲ್ಲಿ ಬಂತು. ಆಗ ನಮ್ಮ ಕಡೆ ಮುಂಬಯಿಗೆ ಏನೇ ಕಳಿಸುವುದಿದ್ದರೂ, ಅಲ್ಲಿಂದ ತರಿಸುವುದಿದ್ದರೂ ಬೊಂಬಾಯಿ ಬಸ್ಸಿನ ಡ್ರೈವರರೇ ಅಂಚೆಯವರು. ಕೊಚ್ಚಕ್ಕಿ, ಉಪ್ಪಿನಕಾಯಿ, ಒಣಮೀನು, ಮದುವೆಯ ಕರೆಯೋಲೆ, ಎಲ್ಲವೂ ಅವರ ಸೀಟಿನ ಹಿಂದೆ. ಅಲ್ಲಿ ಓದುತ್ತಿದ್ದ ನನ್ನ ಗೆಳತಿ ಕಾಲೇಜಿನ ಲೈಬ್ರರಿಯ ಪ್ರತಿಯನ್ನು ಕಡ ತಂದು, ಅದೇ ದಾರಿಯಲ್ಲಿ ಕಳಿಸಿದ್ದಳು. ಎರಡು ಬದಿಯೂ ಅಚ್ಚಾದ, ಮೂಲೆಗೆ ಪಿನ್ನು ಹೊಡೆದ ಹಾಳೆಗಳು. ಜೊತೆಗೊಂದು ಚೀಟಿ: ಅದೇ ಡ್ರೈವರ್ ತಿರುಗಿ ಹೊರಡುವಾಗ ಕೊಟ್ಟು ಕಳಿಸು, ತಡವಾದರೆ ನನ್ನ ಲೈಬ್ರರಿ ಕಾರ್ಡು ಹೋಗುತ್ತದೆ.

ಡ್ರೈವರರು ಮರುದಿನ ಮಧ್ಯಾಹ್ನವೇ ಹೊರಡುವವರು. ಬೆಳಿಗ್ಗೆ ಬೈಂದೂರಿಗೆ ಹೋಗಿ ಬಸ್‌ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಗೆ ಕೊಟ್ಟೆ. ಅಂಗಡಿಯವರು ಪಿನ್ನು ಕಿತ್ತು, ಹಾಳೆಗಳನ್ನು ಒಂದೊಂದಾಗಿ ಗಾಜಿನ ಮೇಲೆ ಮಗುಚುತ್ತ ಹೋದರು. ದಿನವಿಡೀ ಪಹಣಿ, ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು ಮಾಡುವ ಕೈ ಅದು. ನಡುವೆ ಕರೆಂಟು ಹೋಯಿತು, ಬಂತು. ನಾನು ಹೊರಗೆ ನಿಂತು ಬಸ್ಸು ನೋಡುತ್ತಿದ್ದೆ. ಮೂಲವನ್ನು ಮೊದಲಿನಂತೆ ಕಟ್ಟಿ ಡ್ರೈವರರ ಕೈಗೆ ಕೊಟ್ಟೆ. ಪ್ರತಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗೆಜೆಟೆಡ್ ಅಧಿಕಾರಿಯನ್ನು ಹುಡುಕಿಕೊಂಡು ಹೊರಟೆ.

ನಮ್ಮ ಸುತ್ತಮುತ್ತ, ಕೇಳಿದ ಕೂಡಲೇ ಸಿಗುವ ಗೆಜೆಟೆಡ್ ಅಧಿಕಾರಿಯೆಂದರೆ ಒಬ್ಬರೇ: ದನದ ಡಾಕ್ಟರು. ಸರ್ಕಾರ ಅವರಿಗೆ ಹಸಿರು ಶಾಯಿಯನ್ನೂ ಗುಂಡು ಮೊಹರನ್ನೂ ಕೊಟ್ಟಿತ್ತು. ಊರಿನ ಎಷ್ಟೋ ಹುಡುಗರ ಹತ್ತನೇ ತರಗತಿಯನ್ನು, ಎಷ್ಟೋ ಹುಡುಗಿಯರ ಜನ್ಮದಿನವನ್ನು ನಿಜವೆಂದು ಹೇಳಿದವರು ಅವರೇ. ನಾನು ಹೋದಾಗ ಆಸ್ಪತ್ರೆಯ ಅಂಗಳದಲ್ಲಿ ಕಂಬಕ್ಕೆ ಕಟ್ಟಿದ ಒಂದು ಎಮ್ಮೆ, ಎರಡು ದನ ಸರದಿಯಲ್ಲಿದ್ದವು.

"ದನ ಎಲ್ಲಿತ್ತ್?" ಎಂದರು ಡಾಕ್ಟರು, ತಲೆಯೆತ್ತದೆ.

"ದನ ಇಲ್ಲ. ಅಟೆಸ್ಟ್ ಮಾಡ್ಸ್‌ಕಿತ್ತ್."

"ಹಾಂಗಾರೆ ಕೂಕೊ. ಮೊದ್ಲ್ ದನ, ಆಮೇಲ್ ಬಿ.ಎ."

ಎಮ್ಮೆಯ ಯಜಮಾನರು ನಕ್ಕರು. ನಾನು ನಗಲಿಲ್ಲ. ಮುಂಬಯಿಯ ಕಾಲೇಜಿನಲ್ಲಿ ಅರವತ್ತೊಂದು ಅಂಕ ತೆಗೆದವಳಿಗೆ ಎಮ್ಮೆಯ ನಂತರದ ಸರದಿ. ಕೊನೆಗೆ ಅವರು ಮೊಣಕೈ ತನಕ ಫಿನಾಯಿಲಿನಲ್ಲಿ ಕೈ ತೊಳೆದು ಬಂದು, ಮೂವತ್ತೊಂದು ಹಾಳೆಗೂ ಸಹಿ ಹಾಕಿದರು. ಮೂಲ ಎಲ್ಲಿ ಎಂದು ಕೇಳಿದರೋ ಇಲ್ಲವೋ ನೆನಪಿಲ್ಲ. ಕೇಳಿದ್ದರೆ ಆ ಹೊತ್ತಿಗೆ ಅದು ಭಟ್ಕಳ ದಾಟಿರಬೇಕು. ಹಾಳೆಗಳಿಗೆಲ್ಲ ಫಿನಾಯಿಲಿನ ವಾಸನೆ ಅಂಟಿಕೊಂಡಿತ್ತು. ಮುಂದೆ ನಾನು ಕತೆ ಹೇಳುವಾಗ ಇದೇ ಎಲ್ಲರಿಗೂ ಮೆಚ್ಚುಗೆಯಾಗುತ್ತಿದ್ದ ಭಾಗ. "ದನದ ಹೊಟ್ಟೆಯೊಳಗಿಂದ ಈಗಷ್ಟೇ ಹೊರಗೆ ಬಂದ ಕೈ ನನ್ನ ರಾಜ್ಯಶಾಸ್ತ್ರಕ್ಕೆ ಸಹಿ ಹಾಕಿತು, ಕಣ್ಣು ಮುಚ್ಚಿಕೊಂಡು ಹಾಕಿತು" ಎನ್ನುತ್ತಿದ್ದೆ. ಕೇಳಿದವರು ಬಿದ್ದು ಬಿದ್ದು ನಗುತ್ತಿದ್ದರು.

ಆಗಸ್ಟಿನಲ್ಲಿ ಉತ್ತರ ಬಂತು. ಜೊತೆಗೆ ನನ್ನ ಮೂವತ್ತೊಂದು ಹಾಳೆಗಳನ್ನೂ ವಾಪಸು ಕಳಿಸಿದ್ದರು. ಕಾಗದದ ಸಾರ ಇಷ್ಟು: ಅಭ್ಯರ್ಥಿಯ ಇತಿಹಾಸ ತತ್ಸಮಾನ. ಅರ್ಥಶಾಸ್ತ್ರ ತತ್ಸಮಾನ. ರಾಜ್ಯಶಾಸ್ತ್ರವನ್ನು ಓದಿದ್ದಕ್ಕೆ ಪಠ್ಯಕ್ರಮದಲ್ಲಿ ಆಧಾರ ಕಂಡುಬಂದಿಲ್ಲ. ಆದಕಾರಣ ಎರಡನೆಯ ವರ್ಷಕ್ಕೆ ಅರ್ಹಳಲ್ಲ, ಮೊದಲನೆಯ ವರ್ಷಕ್ಕೆ ಸೇರಬಹುದು.

ಎರಡು ಬಸ್ಸು ಬದಲಿಸಿ ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲಿನ ಅಧಿಕಾರಿಯ ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ದೇವರ ಪಟ. ದೇವರ ಮೇಲೆ ಚಹಾದ ಲೋಟ.

"ಸರ್, ಮಾರ್ಕ್ಸ್ ಕಾರ್ಡಿನಲ್ಲೇ ಇದೆ. ರಾಜ್ಯಶಾಸ್ತ್ರ, ಅರವತ್ತೊಂದು."

"ನೋಡಮ್ಮ, ಮಾರ್ಕ್ಸ್ ಕಾರ್ಡು ನೋಡುವುದು ಈ ಸೆಕ್ಷನ್ನಿನ ಕೆಲಸ ಅಲ್ಲ. ನಾವು ಸಿಲೆಬಸ್ ನೋಡುತ್ತೇವೆ. ಸಿಲೆಬಸ್ಸಿನಲ್ಲಿ ರಾಜ್ಯಶಾಸ್ತ್ರ ಇಲ್ಲ."

"ಓದದೆ ಅರವತ್ತೊಂದು ಹೇಗೆ ಬರುತ್ತದೆ ಸರ್?"

"ಅದನ್ನು ಕೊಟ್ಟವರನ್ನು ಕೇಳು."

ಅವರು ಚಹಾ ಕುಡಿದರು. ಲೋಟವನ್ನು ಮತ್ತೆ ದೇವರ ಮೇಲೆಯೇ ಇಟ್ಟರು. ಆ ಗುಂಡನೆಯ ಒದ್ದೆ ಗುರುತು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ, ಗುಂಡು ಮೊಹರಿನ ಹಾಗೆ. ಡೈರಿಯಲ್ಲಿ ಮಾತ್ರ ಲೋಟವೂ ಇಲ್ಲ, ದೇವರೂ ಇಲ್ಲ. "ಮೂರ್ಖರು" ಎಂಬ ಒಂದೇ ಪದವಿದೆ, ಪುಟ ಹರಿಯುವಷ್ಟು ಒತ್ತಿ ಬರೆದದ್ದು.

ಅಲ್ಲಿಂದ ಬಂದ ನಾಲ್ಕನೆಯ ದಿನ ಅಪ್ಪಯ್ಯ ಊಟಕ್ಕೆ ಕೂತಾಗ, ನನ್ನ ಕಡೆ ನೋಡದೆ ಅಮ್ಮನಿಗೆ ಹೇಳಿದರು, "ಸೇರೂಕ್ ಹೇಳ್. ಮೂರೂ ವರ್ಷ ಓದ್ಲಿ. ಆದ್ರೆ ಎಂ.ಎ. ಗಿಮ್ಮೆ ಅಂದೇಳಿ ಆಮೇಲ್ ಬಾಯ್ ತೆಗುಕಾಗ." ಬಿ.ಎ. ಉಳಿಯಿತು, ಎಂ.ಎ. ಹೋಯಿತು. ಹೊರಗೆ ಹಾಸ್ಟೆಲಿನಲ್ಲಿದ್ದು ಇತಿಹಾಸದಲ್ಲಿ ಎಂ.ಎ. ಮಾಡಬೇಕೆಂದು ನಾನು ಇಟ್ಟುಕೊಂಡಿದ್ದ ಆಸೆಯನ್ನು ಆ ಒಂದು ವರ್ಷ ನುಂಗಿತು. ಮುಂದೆ ಮದುವೆಯಾಗಿ, ಮಗುವಾಗಿ, ಅಂಚೆಯಲ್ಲಿ ಬರುವ ಪಾಠಗಳನ್ನು ಅಡಿಗೆಮನೆಯಲ್ಲಿ ಓದಿ ಅದನ್ನು ಮುಗಿಸುವಷ್ಟರಲ್ಲಿ ನನ್ನ ಓರಗೆಯವರು ಕೆಲಸಕ್ಕೆ ಸೇರಿ ಎಷ್ಟೋ ಕಾಲವಾಗಿತ್ತು.

ಅಪ್ಪಯ್ಯ ಒಪ್ಪಿದ ಮರುದಿನ ಎರಡನೆಯ ವರ್ಷದ ತರಗತಿಯಿಂದ ಕೊಡೆ ಎತ್ತಿಕೊಂಡು, ಅದೇ ಜಗಲಿಯ ಆಚೆ ತುದಿಯ ಮೊದಲ ವರ್ಷದ ತರಗತಿಗೆ ನಡೆದೆ. ಬಾಗಿಲಲ್ಲಿ ನಿಂತಿದ್ದ ಹುಡುಗಿಯರಲ್ಲಿ ಒಬ್ಬಳು ಕೂಗಿದಳು:

"ಹ್ವಾಯ್ ಬೊಂಬಾಯಿ ಅಕ್ಕ, ಪ್ರಮೋಷನ್ ಆಯ್ತಾ?"

ನಾನು ಆ ವರ್ಷ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ರಾಜ್ಯಶಾಸ್ತ್ರದ ಮೇಷ್ಟ್ರು ಪ್ರಭುತ್ವದ ಲಕ್ಷಣಗಳನ್ನು ಬರೆಸುವಾಗ ಮುಂದಿನ ಲಕ್ಷಣ ಯಾವುದೆಂದು ನನಗೆ ಮೊದಲೇ ಗೊತ್ತಿರುತ್ತಿತ್ತು. ಕಿಟಕಿಯ ಹೊರಗೆ ನೋಡುತ್ತ ಬರೆಯುತ್ತಿದ್ದೆ. ಗುಮಾಸ್ತರು, ಅಧಿಕಾರಿ, ಸಮಿತಿ, ಎಲ್ಲರನ್ನೂ ತುಚ್ಛವಾಗಿ ಕಾಣುವುದೇ ನನಗೆ ಆಸರೆಯಾಗಿತ್ತು. ಅದೊಂದು ಒಳ್ಳೆಯ ಆಸರೆ. ನಾನು ಸರಿ, ಉಳಿದವರೆಲ್ಲ ಮಂಕುಬಡಿದವರು ಎಂದು ತಿಳಿದುಕೊಂಡವಳಿಗೆ ಬೇರೆ ಏನೂ ಬೇಕಾಗುವುದಿಲ್ಲ. ವಾಪಸು ಬಂದ ಮೂವತ್ತೊಂದು ಹಾಳೆಗಳನ್ನು ಬಿಚ್ಚಿಯೂ ನೋಡದೆ ಬಾಳೆನಾರಿನಲ್ಲಿ ಕಟ್ಟಿ ಟ್ರಂಕಿಗೆ ಹಾಕಿದೆ.

ಅದನ್ನು ಬಿಚ್ಚಿದ್ದು ಸುಮಾರು ಹದಿನಾರು ವರ್ಷದ ನಂತರ. ಆಗ ನಾನು ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಬೇರೆ ಕಡೆಯಿಂದ ಬರುವ ವಿದ್ಯಾರ್ಥಿಗಳ ಪಾಠಗಳನ್ನು ನಮ್ಮ ಪಾಠಗಳೊಡನೆ ತಾಳೆ ನೋಡಿ, ವಿಶ್ವವಿದ್ಯಾಲಯಕ್ಕೆ ಕಳಿಸುವ ಮೊದಲು ಕಾಲೇಜಿನಿಂದಲೇ ಒಂದು ವರದಿ ಬರೆಯಬೇಕಿತ್ತು. ಅದಕ್ಕೀಗ ಕ್ರೆಡಿಟ್ ವರ್ಗಾವಣೆ ಎಂಬ ಹೊಸ ಹೆಸರು. ಹೆಸರು ಹೊಸದು, ಓದದೆ ಟಿಕ್ ಹಾಕುವ ಕೈ ಹಳೆಯದು. ನನ್ನ ಕತೆ ಎಲ್ಲರಿಗೂ ಗೊತ್ತಿದ್ದುದರಿಂದ ಪ್ರಿನ್ಸಿಪಾಲರು, "ನಿಮಗೆ ಅನುಭವ ಇದೆಯಲ್ಲ ಮೇಡಂ" ಎಂದು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಸಹೋದ್ಯೋಗಿಗಳಿಗೆ ತೋರಿಸಿ ನಗಿಸೋಣವೆಂದು ಬಿಜೂರಿಗೆ ಹೋದಾಗ ಟ್ರಂಕು ತೆಗೆದೆ. ಫಿನಾಯಿಲಿನ ವಾಸನೆ ಇರಲಿಲ್ಲ. ಹಸಿರು ಶಾಯಿ ಮಾತ್ರ ಇನ್ನೂ ಹಸಿರಾಗಿತ್ತು.

ನಗುತ್ತಲೇ ಹಾಳೆ ಮಗುಚಿದೆ. ಕೆಳಗೆ ಪುಟಸಂಖ್ಯೆ ಒಂದು. ಮುಂದಿನ ಹಾಳೆ, ಮೂರು. ಆಮೇಲೆ ಐದು. ಏಳು. ಹೀಗೇ ಅರವತ್ತೊಂದರ ತನಕ. ಒಂದೂ ಸಮಸಂಖ್ಯೆ ಇಲ್ಲ. ಅಂಗಡಿಯವರು ಎಲ್ಲ ಹಾಳೆಗಳ ಒಂದೇ ಬದಿಯನ್ನು ತೆಗೆದಿದ್ದರು. ಎರಡು ಬದಿ ಅಚ್ಚಾದ ಪುಸ್ತಕದ ಅರ್ಧವನ್ನು ಮಾತ್ರ ನಾನು ವಿಶ್ವವಿದ್ಯಾಲಯಕ್ಕೆ ಕಳಿಸಿದ್ದೆ. ಮೂವತ್ತೊಂದರಲ್ಲಿ ಅರ್ಥಶಾಸ್ತ್ರ ಮುಗಿದಿತ್ತು, ರಾಜ್ಯಶಾಸ್ತ್ರ ಶುರುವಾಗಿರಬೇಕಾದದ್ದು ಮೂವತ್ತೆರಡನೆಯ ಪುಟದಲ್ಲಿ. ಅದು ಇಲ್ಲ. ಮೂವತ್ತಮೂರರಲ್ಲಿ ತಲೆಬರಹವೇ ಇಲ್ಲದ ಒಂದು ಪರಾಮರ್ಶನ ಗ್ರಂಥಗಳ ಪಟ್ಟಿ. ಮೂವತ್ತೈದಕ್ಕೆ ಬೇರೆ ವಿಷಯ. ಅಲ್ಲಿಗೆ ನನ್ನ ರಾಜ್ಯಶಾಸ್ತ್ರ ಮುಗಿಯಿತು.

ಹಾಗಾದರೆ ಅವರು ಸರಿಯಾಗಿಯೇ ನೋಡಿದ್ದರೇ? ಒಂದು ಕ್ಷಣ ಹಾಗೆ ಅನಿಸಿತು. ನಂತರ ಇತಿಹಾಸದ ಪುಟಗಳನ್ನು ತೆಗೆದೆ. ಅಲ್ಲಿ ಸಮಿತಿಯವರ ಪೆನ್ಸಿಲಿನ ಟಿಕ್‌ಗಳು ಸಾಲಾಗಿ ನಿಂತಿದ್ದವು. ಹತ್ತೊಂಬತ್ತನೆಯ ಪುಟದಲ್ಲಿ ಫ್ರಾನ್ಸಿನಲ್ಲಿ ದೊರೆಯಿದ್ದಾನೆ. ಇಪ್ಪತ್ತೊಂದರಲ್ಲಿ ನೆಪೋಲಿಯನ್ ಬಂದಿದ್ದಾನೆ. ನಡುವೆ ಕ್ರಾಂತಿ ಆಗಲೇ ಇಲ್ಲ. ಟಿಕ್. ಅರ್ಥಶಾಸ್ತ್ರದಲ್ಲಿ ಬೇಡಿಕೆ ಇದೆ, ಪೂರೈಕೆ ಇಲ್ಲ. ಟಿಕ್. ತತ್ಸಮಾನ. ಮೇಲಿನ ದೊಡ್ಡಕ್ಷರದ ತಲೆಬರಹ ಕಂಡ ಕಡೆ ಟಿಕ್ ಹಾಕಿದ್ದರು, ಕಾಣದ ಕಡೆ ನನ್ನ ಒಂದು ವರ್ಷ ತೆಗೆದಿದ್ದರು. ಮೂವತ್ತೊಂದು ಹಾಳೆಯಲ್ಲಿ ಒಂದು ಬಿಟ್ಟು ಒಂದು ಪುಟ ಇಲ್ಲ ಎಂಬುದು ವಿದ್ವಾಂಸರ ಸಮಿತಿಯೊಂದರ ಕಣ್ಣಿಗೆ ಬೀಳಲಿಲ್ಲ. ನನ್ನ ತಿರಸ್ಕಾರಕ್ಕೆ ಏನೂ ಆಗಲಿಲ್ಲ, ಬದಲಿಗೆ ಅದಕ್ಕೆ ಪುರಾವೆಯೇ ಸಿಕ್ಕಿತು ಎಂದು ಸಮಾಧಾನಪಟ್ಟೆ. ಆ ಆಗಸ್ಟಿನಲ್ಲಿ ಹಾಳೆಗಳನ್ನು ಒಂದು ಸಲ ಬಿಚ್ಚಿ ನೋಡಿದ್ದರೆ, ಮುಂದಿನ ಬಸ್ಸಿನಲ್ಲಿ ಒಂದೇ ಒಂದು ಪುಟ ತರಿಸಿ ವರ್ಷ ಉಳಿಸಿಕೊಳ್ಳಬಹುದಿತ್ತು ಎಂಬುದನ್ನು ಮನಸ್ಸು ಆಗ ಎತ್ತಲಿಲ್ಲ.

ಅದೇ ಟ್ರಂಕಿನಲ್ಲಿ ಡೈರಿಯೂ ಇತ್ತು. ದನದ ಡಾಕ್ಟರರ ಹತ್ತಿರ ಹೋದ ದಿನದ ಪುಟ ಹುಡುಕಿದೆ. ಕತೆಗೆ ಇನ್ನಷ್ಟು ಸರಕು ಸಿಗುತ್ತದೆಂಬ ಆಸೆ. ಅಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು:

"ಎಮ್ಮೆ ಮುಗಿದ ಮೇಲೆ ಸಹಿ ಆಯಿತು. ಡಾಕ್ಟ್ರು ಒಂದೊಂದೇ ಹಾಳೆ ನೋಡುತ್ತ ಕೂತು ತಡ ಮಾಡಿದರು. ಕೊನೆಗೆ, 'ಇದೆಂತ, ಎಲ್ಲಾ ಬೆಸ ಪುಟವೇ ಇತ್ತಲೆ, ಹಿಂಬದಿ ಎಂತ ಆಯ್ತ್, ಒಂಚೂರ್ ಕಾಣ್' ಅಂದರು. ಬಾಲ ಎತ್ತಿ ನೋಡುವವರಿಗೆ ಸಿಲೆಬಸ್ಸಿನ ಉಸಾಬರಿ ಯಾಕೆ? ಹ್ಞೂಂ ಅಂದು ಬಂದೆ."

ಈ ಮಾತು ನನ್ನ ನೆನಪಿನಲ್ಲಿ ಇಲ್ಲ. ಈಗಲೂ ಇಲ್ಲ. ಕಣ್ಣು ಮುಚ್ಚಿದರೆ ಕಾಣುವುದು ತಲೆಯೆತ್ತದೆ ಸಹಿ ಹಾಕುತ್ತಿರುವ ಒದ್ದೆ ಕೈ ಮಾತ್ರ. ಹದಿನಾರು ವರ್ಷ ಊರೆಲ್ಲ ಹೇಳಿ ನಗಿಸಿದ್ದೂ ಅದನ್ನೇ. ಆ ಇಡೀ ವ್ಯವಹಾರದಲ್ಲಿ ಹಾಳೆಗಳನ್ನು ನಿಜವಾಗಿ ನೋಡಿದವರು ಒಬ್ಬರೇ. ಅವರನ್ನು ನಾನು ಕುರುಡರನ್ನಾಗಿ ಮಾಡಿ ಕತೆ ಕಟ್ಟಿದ್ದೆ. ಗುಮಾಸ್ತರು ನನ್ನ ಕಾಗದವನ್ನು ಹಿಡಿದ ರೀತಿಯಲ್ಲೇ ನಾನು ಆ ಡಾಕ್ಟರರ ಮಾತನ್ನು ಹಿಡಿದಿದ್ದೆ, ಎರಡು ಬೆರಳಲ್ಲಿ. ಕೂಡಲೇ ದನದ ಆಸ್ಪತ್ರೆಯಲ್ಲಿ ಅವರ ಬಗ್ಗೆ ವಿಚಾರಿಸಿದೆ. ವರ್ಗವಾಗಿ ಹೋಗಿ ಎಷ್ಟೋ ವರ್ಷವಾಯಿತು, ಈಗ ಎಲ್ಲಿದ್ದಾರೋ ಗೊತ್ತಿಲ್ಲ ಎಂದರು ಅಲ್ಲಿದ್ದವರು. ಸಿಕ್ಕಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ. ಸಿಗಲಿಲ್ಲವೆಂದು ಒಳಗೊಳಗೇ ಹಗುರವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಸ್ಟಾಫ್‌ರೂಮಿನಲ್ಲಿ ಆ ಕತೆಯನ್ನು ಹೇಳುವುದು ಬಿಟ್ಟೆ. ಬದಲಿಗೆ ಪುಟ ಎಣಿಸತೊಡಗಿದೆ. ಯಾವ ಫೈಲು ಬಂದರೂ ಮೊದಲು ಪುಟಸಂಖ್ಯೆ, ಆಮೇಲೆ ಓದು. ಬೇರೆಯವರು ಹತ್ತು ನಿಮಿಷದಲ್ಲಿ ಮುಗಿಸುವುದಕ್ಕೆ ನನಗೆ ಒಂದು ಮಧ್ಯಾಹ್ನ ಬೇಕು. ಅವರು ಸಹಿ ಹಾಕಿ ಕ್ಯಾಂಟೀನಿಗೆ ಹೋಗುವಾಗ ನನ್ನ ಕಡೆ ನೋಡುವ ನೋಟವನ್ನು ನಾನು ಗಮನಿಸಿದ್ದೇನೆ. ಅವರ ಬಗ್ಗೆ ನನಗೇನೂ ಗೌರವ ಬಂದಿಲ್ಲ. ಓದದೆ ತತ್ಸಮಾನ ಎಂದು ಬರೆಯುವವರು ಅಂದಿಗೂ ಇಂದಿಗೂ ಒಂದೇ ಜಾತಿಯವರು. ಆ ಜಾತಿಯ ಒಂದು ಕವಲಿನಲ್ಲಿ ನಾನೂ ಇದ್ದೆ ಎಂಬುದಷ್ಟೇ ಹೊಸದಾಗಿ ತಿಳಿದದ್ದು.

ಒಂದು ಜುಲೈಯಲ್ಲಿ ಸಾಸ್ತಾನದ ಹುಡುಗಿಯೊಬ್ಬಳು ಬಂದಳು. ಪುಣೆಯಲ್ಲಿ ಎರಡು ಸೆಮಿಸ್ಟರ್ ಮುಗಿಸಿ ಊರಿಗೆ ಮರಳಿದವಳು. ಫೈಲು ವಿಶ್ವವಿದ್ಯಾಲಯಕ್ಕೆ ತಲುಪಲು ಎರಡೇ ದಿನ ಉಳಿದಿತ್ತು. ತಲುಪದಿದ್ದರೆ ಮೊದಲ ಸೆಮಿಸ್ಟರಿಗೇ ಹೋಗಬೇಕು. ನಾನು ಎಣಿಸಿದೆ. ಇಪ್ಪತ್ತೊಂದರ ನಂತರ ಇಪ್ಪತ್ತಮೂರು.

"ಇಪ್ಪತ್ತೆರಡನೇ ಪುಟ ಎಲ್ಲಿತ್ತ್?"

"ಒಂದ್ ಪುಟ ಅಲ್ದಾ ಮೇಡಂ? ಬೇರೆ ಸರ್ ಎಲ್ಲಾ ಸಹಿ ಹಾಕಿರಲೆ."

"ಅವ್ರ್ ಹಾಕ್ಲಿ. ಇಪ್ಪತ್ತೆರಡ್ ತಾ. ಸಹಿ ಹಾಕ್ತೆ."

"ಪ್ರಿಂಟ್ ತೆಗುಕೆ ಕರೆಂಟ್ ಇಲ್ಲ ಮೇಡಂ."

"ನಾಳೆ ತಾ."

ಅವಳು ನನ್ನನ್ನು ನೋಡಿದಳು. ಆ ನೋಟದ ಪರಿಚಯ ನನಗೆ ಚೆನ್ನಾಗಿಯೇ ಇದೆ. ಹೊರಗೆ ಜಗಲಿಯಲ್ಲಿ ಕಾಯುತ್ತಿದ್ದ ಗೆಳತಿಗೆ, ನನಗೆ ಕೇಳಲಿ ಎಂದೇ ಇರಬೇಕು, ಗಟ್ಟಿಯಾಗಿ ಹೇಳಿದಳು:

"ಹ್ವಾಯ್, ಹಿಸ್ಟರಿ ಅಲ್ಲ ಮಾರಾಯ್ತಿ, ಅವ್ರ್‌ದ್ ಪುಟ ಎಣ್ಸುದೇ ಕೆಲ್ಸ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು ಹಾಳೆಯನ್ನು ಮೇಜಿನ ಮೇಲೆ ಇಟ್ಟಳು, ಇಟ್ಟಳು ಎನ್ನುವುದಕ್ಕಿಂತ ಬಡಿದಳು ಎನ್ನಬೇಕು. ಒಂದು ಇಡೀ ವಿಷಯದ ತಲೆಬರಹವಿತ್ತು ಆ ಪುಟದಲ್ಲಿ. ನಾನು ಅದನ್ನು ಅದರ ಜಾಗದಲ್ಲಿ ಸೇರಿಸಿ, ಸಹಿ ಹಾಕಿ ಕೊಟ್ಟೆ. ಅವಳು ಫೈಲನ್ನು ಕಸಿದುಕೊಂಡು, ನನ್ನ ಮುಖವನ್ನೂ ನೋಡದೆ, ಮಂಗಳೂರಿನ ಬಸ್ಸು ಹಿಡಿಯಲು ಓಡಿದಳು. ಆ ವಾರವೇ ಅವಳಿಗೆ ಮೂರನೆಯ ಸೆಮಿಸ್ಟರಿನಲ್ಲಿ ಜಾಗ ಸಿಕ್ಕಿತು. ಆಮೇಲೆ ಎದುರು ಸಿಕ್ಕಾಗಲೆಲ್ಲ ಗೆಳತಿಯರಿಗೆ ಏನೋ ಹೇಳಿ ನಗುತ್ತಿದ್ದಳು. ನಾನು ಕೇಳಿಸದವಳಂತೆ ತರಗತಿಗೆ ಹೋಗುತ್ತಿದ್ದೆ.